ಮೂವತ್ತು ಗ್ರಾಂ ಪುಡಿಯಲ್ಲಿ ಇಡೀ ಗುಡ್ಡ

(ಗದಗ ಜಿಲ್ಲೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳನ್ನು ಬರಹಕ್ಕಿಳಿಸಿದ್ದೇನೆ. ಅಂದು ಬೋರ್ಡಿನ ಮೇಲೆ ಮಾಡಿದ ಲೆಕ್ಕಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2020ರ ಫೆಬ್ರುವರಿಯಲ್ಲಿ ಬಂದ ಒಂದು ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಉತ್ತರ ಪ್ರದೇಶದ ಸೋನಭದ್ರ ಜಿಲ್ಲೆಯ ಗುಡ್ಡಗಳ ಅಡಿಯಲ್ಲಿ 3,000 ಟನ್ನಿಗೂ ಹೆಚ್ಚು ಚಿನ್ನ ಸಿಕ್ಕಿದೆ ಅಂತ ಟಿವಿಯವರು ದಿನವಿಡೀ ಹೇಳಿದರು. ದೇಶದ ಮೀಸಲು ಚಿನ್ನದ ಐದು ಪಟ್ಟು ಎಂದು ಹೋಲಿಸಿಯೂ ತೋರಿಸಿದರು. ಫೆಬ್ರುವರಿ 22ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಸ್ಪಷ್ಟನೆ ಕೊಟ್ಟಿತು. ಅವರ ಪ್ರಕಾರ ಅಲ್ಲಿ ಅಂದಾಜಿಸಿದ್ದು 52,806.25 ಟನ್ ಅದಿರು. ಆ ಅದಿರಿನಲ್ಲಿ ಚಿನ್ನ ಟನ್ನಿಗೆ ಸರಾಸರಿ 3.03 ಗ್ರಾಂ. ಎರಡನ್ನೂ ಗುಣಿಸಿ ನೋಡಿ: 160 ಕಿಲೋ. 3,000 ಟನ್ ಎಲ್ಲಿ, 160 ಕಿಲೋ ಎಲ್ಲಿ!

ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದೇನೆ ಅಂತ ಆ ಎರಡು ದಿನ ನನಗೆ ಬಂದ ಫೋನುಗಳಲ್ಲಿ ಎಲ್ಲರೂ ಕೇಳಿದ್ದು "ಅಷ್ಟು ಚಿನ್ನ ನಿಜವಾಗಿ ಇದೆಯಾ?" ಅಂತ. "ಎಷ್ಟು ಬೋರ್ ಕೊರೆದಿದ್ದಾರೆ? ಒಂದರಿಂದ ಒಂದು ಎಷ್ಟು ದೂರ?" ಅಂತ ಒಬ್ಬರೂ ಕೇಳಲಿಲ್ಲ. ಇವತ್ತು ನಾನು ಇಲ್ಲಿಗೆ ಬಂದಿರುವುದು ಆ ಎರಡನೆಯ ಪ್ರಶ್ನೆಗಾಗಿ. ನಿಮ್ಮ ಊರಿನ ಬೆನ್ನಿಗೆ ಕಪ್ಪತಗುಡ್ಡ ಇದೆ. ಅದರ ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಲಗಾರರ ಮನೆತನಗಳು ಈ ಸೀಮೆಯಲ್ಲೇ ಇದ್ದವು. ಜಿಎಸ್‌ಐನ ರಾಬರ್ಟ್ ಬ್ರೂಸ್ ಫೂಟ್ ಇದೇ ಸಾಲಿನ ಡಂಬಳ ಗುಡ್ಡಗಳ ಚಿನ್ನದ ಬಗ್ಗೆ 1874ರಲ್ಲೇ ಬರೆದರು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಇಂಥ ಗುಡ್ಡದ ಕೆಳಗೆ ಇಷ್ಟು ಚಿನ್ನ ಇದೆ ಅಂತ ನಾಳೆ ಯಾರೋ ಒಂದು ಅಂಕಿ ಹೇಳಿದರೆ, ಆ ಅಂಕಿ ಎಲ್ಲಿಂದ ಬಂತು ಎಂದು ಕೇಳುವ ಶಕ್ತಿ ನಿಮಗಿರಬೇಕು. ಕೇಳಲು ಬೇಕಾಗಿರುವುದು ದೊಡ್ಡ ಗಣಿತವಲ್ಲ, ಗುಣಾಕಾರ ಭಾಗಾಕಾರ ಸಾಕು.

ಮೊದಲು "ಟನ್ನಿಗೆ ಐದು ಗ್ರಾಂ" ಅಂದರೆ ಏನು, ಕಣ್ಣಿಗೆ ಕಟ್ಟುವ ಹಾಗೆ ನೋಡೋಣ. ಒಂದು ಟನ್ ಬೆಣಚುಕಲ್ಲು ಅಂದರೆ ಉದ್ದ, ಅಗಲ, ಎತ್ತರ ಮೂರೂ ಸುಮಾರು 72 ಸೆಂಟಿಮೀಟರ್ ಇರುವ ಒಂದು ದಿಂಡು. ಇಬ್ಬರು ಕೂರುವಷ್ಟು ದೊಡ್ಡದು ಅನ್ನಿ. ಅದರಲ್ಲಿರುವ ಐದು ಗ್ರಾಂ ಚಿನ್ನವನ್ನೆಲ್ಲ ಒಂದು ಕಡೆ ಸೇರಿಸಿದರೆ ಒಂದು ಕಡಲೆಕಾಳಿನಷ್ಟು ಆಗುತ್ತದೆ. ಚಿನ್ನ ಅಷ್ಟು ಭಾರದ ಲೋಹ, ನೀರಿನ 19.3 ಪಟ್ಟು. ಈಗ ಆ ಕಡಲೆಕಾಳನ್ನು ಪುಡಿ ಮಾಡಿ, ಕಣ್ಣಿಗೆ ಕಾಣದ ಕಣಗಳನ್ನಾಗಿ, ಆ ದಿಂಡಿನೊಳಗೆ ಎಲ್ಲೆಲ್ಲೋ ಚೆಲ್ಲಿ. ಎಲ್ಲೆಲ್ಲೋ ಅಂದೆ, ಸಮವಾಗಿ ಅನ್ನಲಿಲ್ಲ. ಒಂದು ಮೂಲೆಯಲ್ಲಿ ಗುಂಪಾಗಿ, ಇನ್ನೊಂದು ಮೂಲೆಯಲ್ಲಿ ಒಂದೂ ಇಲ್ಲದೆ. ನಮ್ಮ ಕಷ್ಟವೆಲ್ಲ ಆ "ಎಲ್ಲೆಲ್ಲೋ" ಎಂಬ ಮಾತಿನಲ್ಲಿದೆ.

ಹಳಬರು ಈ ಕಷ್ಟವನ್ನು ಬೇರೆ ರೀತಿ ಬಗೆಹರಿಸಿಕೊಂಡಿದ್ದರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರು ಕಲ್ಲಿಗೆ ಬೆಂಕಿ ಹಾಕಿ, ಕಾದ ಮೇಲೆ ನೀರು ಚೆಲ್ಲಿ, ಬಿರುಕು ಬಿಟ್ಟದ್ದನ್ನು ಒಡೆಯುತ್ತಾ ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದರು. ಮುಂದೆ ಎಷ್ಟಿದೆ ಎಂಬ ಅಂದಾಜು ಅವರಿಗೆ ಬೇಕಿರಲಿಲ್ಲ. ಬಂಡೆಯೊಳಗೆ ಚಿನ್ನ ಹೊತ್ತ ಬೆಣಚಿನ ಎಳೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅದರ ಹಿಂದೆ ಹೋದರು. (ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಚಿನ್ನ ಹುಡುಕುತ್ತ ಬಂದವರಿಗೆ ಚಕ್ರವರ್ತಿಯ ಹೆಸರೇ ಸಿಕ್ಕಿತು. ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.) ಈಗ ಹಾಗಾಗುವುದಿಲ್ಲ. ಶಾಫ್ಟ್, ಅಂದರೆ ಗಣಿಯ ಬಾವಿ, ಇಳಿಸುವ ಮೊದಲೇ ನೂರಾರು ಕೋಟಿ ಹಾಕಬೇಕು. ದುಡ್ಡು ಹಾಕುವವರಿಗೆ ಅಂಕಿ ಬೇಕು.

ಅಂಕಿ ಸಿಗುವುದು ಡ್ರಿಲ್ಲಿನಿಂದ. ವಜ್ರದ ಹಲ್ಲಿರುವ ಬಿಟ್ ಬಂಡೆಯನ್ನು ಕೊರೆಯುತ್ತ ಹೋಗುತ್ತದೆ, ನಡುವೆ ಕಲ್ಲಿನ ಕೋಲು ಉಳಿಯುತ್ತದೆ. ಅದನ್ನು ಕೋರ್ ಅನ್ನುತ್ತೇವೆ. ಸಾಮಾನ್ಯವಾಗಿ ಬಳಸುವ ಒಂದು ಅಳತೆಯ ಕೋರ್ 47.6 ಮಿಲಿಮೀಟರ್ ದಪ್ಪ. ಎಳೆ ಹರಡಿರುವ ಹಾಸಿನ ಮೇಲೆ ಐವತ್ತು ಮೀಟರಿಗೊಂದರಂತೆ ಬೋರ್ ಹಾಕಿದ್ದೀರಿ ಎನ್ನಿ. ಆಗ ಒಂದೊಂದು ಬೋರೂ 2,500 ಚದರ ಮೀಟರಿನ ಪರವಾಗಿ ಮಾತಾಡುತ್ತದೆ. ಆದರೆ ಕೋರ್ ಕಂಡದ್ದು ಹದಿನೆಂಟು ಚದರ ಸೆಂಟಿಮೀಟರ್ ಜಾಗ ಮಾತ್ರ. ಭಾಗಿಸಿದರೆ ಹದಿನಾಲ್ಕು ಲಕ್ಷದಲ್ಲಿ ಒಂದು ಪಾಲು. ಮುಂದೆ ಕೇಳಿ. ಆ ಕೋರನ್ನು ಉದ್ದಕ್ಕೆ ಸೀಳಿ ಅರ್ಧ ಪೆಟ್ಟಿಗೆಯಲ್ಲಿ ಇಡುತ್ತೇವೆ, ಅರ್ಧ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೀಟರ್ ಉದ್ದದ ಅರ್ಧ ಕೋರ್ ಎರಡೂವರೆ ಕಿಲೋ ಹತ್ತಿರ. ಅದನ್ನು ಅರೆದು ಗೋಪಿಚಂದನದಷ್ಟು ನುಣ್ಣಗೆ ಮಾಡಿ, ಅದರಲ್ಲಿ ಮೂವತ್ತು ಗ್ರಾಂ ಮಾತ್ರ ಮೂಸೆಗೆ ಹಾಕುತ್ತಾರೆ. ನಾಲ್ಕೈದು ಚಮಚ ಪುಡಿ. ಗುಡ್ಡದ ಭವಿಷ್ಯ ಅಷ್ಟರಲ್ಲಿ.

ಆ ಮೂವತ್ತು ಗ್ರಾಮಿಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನು ಜೀವನದಲ್ಲಿ ಅತಿ ಹೆಚ್ಚು ಪ್ರೀತಿಯಿಂದ ನೋಡಿದ ಕೆಲಸ ಅದು.

ಪುಡಿಗೆ ಸೀಸದ ಆಕ್ಸೈಡ್, ಸೋಡಾ, ಬಿಳಿಗಾರ ಬೆರೆಸುತ್ತಾರೆ. ಜೊತೆಗೆ ಒಂದಿಷ್ಟು ಹಿಟ್ಟು, ನಮ್ಮ ಅಡುಗೆಮನೆಯ ಗೋಧಿ ಹಿಟ್ಟೇ. ಮೂಸೆ ಸಾವಿರ ಡಿಗ್ರಿ ದಾಟಿದ ಕುಲುಮೆಗೆ ಹೋಗುತ್ತದೆ. ಹಿಟ್ಟಿನ ಇಂಗಾಲ ಆಕ್ಸೈಡಿನಿಂದ ಸೀಸವನ್ನು ಬಿಡಿಸುತ್ತದೆ. ಬಿಡುಗಡೆಯಾದ ಸೀಸ ಸಣ್ಣ ಹನಿಗಳಾಗಿ ಕರಗಿದ ಕಲ್ಲಿನೊಳಗೆ ಕೆಳಗಿಳಿಯುತ್ತ, ದಾರಿಯಲ್ಲಿ ಸಿಕ್ಕ ಚಿನ್ನ ಬೆಳ್ಳಿಯನ್ನೆಲ್ಲ ಒಡಲಿಗೆ ಸೇರಿಸಿಕೊಳ್ಳುತ್ತದೆ. ಒಂದು ಗಂಟೆಯ ನಂತರ ಕೆಂಪಗೆ ಕುದಿಯುವ ರಸವನ್ನು ಕಬ್ಬಿಣದ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಮೇಲ್ಗಡೆ ಗಾಜಿನಂಥ ಕಿಟ್ಟ, ತಳದಲ್ಲಿ ಸೀಸದ ಗುಂಡಿ. ಸುತ್ತಿಗೆಯಿಂದ ಕಿಟ್ಟ ಒಡೆದು ಗುಂಡಿಯನ್ನು ಮೂಳೆ ಬೂದಿಯ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕುಲುಮೆಗೆ. ಈಗ ಗಾಳಿ ಆಡಬೇಕು. ಸೀಸ ಮತ್ತೆ ಆಕ್ಸೈಡಾಗಿ ಬಟ್ಟಲಿನ ಬೂದಿಯೊಳಗೆ ಇಂಗಿಹೋಗುತ್ತದೆ. ಗುಂಡಿ ಕರಗುತ್ತ ಕರಗುತ್ತ ಸಣ್ಣದಾಗಿ, ಕೊನೆಯ ಸೀಸವೂ ಹೋಗುವ ಕ್ಷಣದಲ್ಲಿ ಆ ಹನಿ ಒಮ್ಮೆ ಪಳ್ಳನೆ ಮಿಂಚುತ್ತದೆ. ಆ ಮಿಂಚಿಗಾಗಿ ಕುಲುಮೆಯ ಬಾಯಿಗೆ ಕಣ್ಣಿಟ್ಟು ಕೂತಿದ್ದ, ಅದಿರು ಪರೀಕ್ಷಿಸುವ ಅಸೇಯರ್‌ಗಳನ್ನು ನಾನು ನೋಡಿದ್ದೇನೆ. ಮಿಂಚು ಕಂಡರೆ ಮುಗಿಯಿತು. ಉಳಿದ ಮಣಿಯನ್ನು ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಬೆಳ್ಳಿ ಕರಗಿ ಹೋಗುತ್ತದೆ. ಉಳಿದದ್ದು ಚಿನ್ನ. ನಮ್ಮಲ್ಲಿ "ಪುಟಕ್ಕಿಟ್ಟ ಚಿನ್ನ" ಅನ್ನುತ್ತೇವಲ್ಲ, ಆ ಮಾತಿನ ಹಿಂದೆ ಇರುವುದು ಇಂಥದೇ ಬೆಂಕಿ.

ಟನ್ನಿಗೆ ಐದು ಗ್ರಾಂ ಇರುವ ಕಲ್ಲಾದರೆ ಆ ಮೂವತ್ತು ಗ್ರಾಮಿನಲ್ಲಿ ಇರಬೇಕಾದ ಚಿನ್ನ 0.15 ಮಿಲಿಗ್ರಾಂ. ಗುಂಡಾಗಿಸಿದರೆ ಕಾಲು ಮಿಲಿಮೀಟರ್ ದಪ್ಪ. ಚಿರೋಟಿ ರವೆಯ ಒಂದು ಕಣದಷ್ಟು. ಅದನ್ನು ಉಸಿರು ತಾಗದಂತೆ ಗಾಜಿನ ಗೂಡಿನೊಳಗಿರುವ ತಕ್ಕಡಿಯಲ್ಲಿ ತೂಗುತ್ತಾರೆ. ತೂಗುವುದರಲ್ಲಿ ತಪ್ಪಾಗುವುದು ಕಡಿಮೆ. ಈ ವಿದ್ಯೆ ಶತಮಾನಗಳಿಂದ ಪಕ್ಕಾ ಆಗಿದೆ. ತಪ್ಪು ಆಗುವುದು ಅದಕ್ಕೂ ಮೊದಲು, ಯಾವ ಮೂವತ್ತು ಗ್ರಾಂ ಮೂಸೆಗೆ ಬಂತು ಎನ್ನುವುದರಲ್ಲಿ.

ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ನಿಜ, ಏಕೆಂದರೆ ಇಡೀ ಪಾತ್ರೆ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದದ್ದು. ಆದರೆ ಮದುವೆಮನೆಯ ಪಾಯಸದಲ್ಲಿ ಗೋಡಂಬಿ ಎಷ್ಟಿದೆ ಎಂದು ಒಂದು ಸೌಟಿನಿಂದ ಹೇಳಿ ನೋಡೋಣ! ಒಬ್ಬರ ಎಲೆಗೆ ಐದು ಬೀಳುತ್ತವೆ, ಪಕ್ಕದವರಿಗೆ ಒಂದೂ ಇಲ್ಲ. ಚಿನ್ನ ಗೋಡಂಬಿಯ ಜಾತಿ. ಲೆಕ್ಕ ಮಾಡಿ ತೋರಿಸುತ್ತೇನೆ. ಚಿನ್ನದ ಕಣಗಳೆಲ್ಲ ಮಿಲಿಮೀಟರಿನ ಹತ್ತನೇ ಒಂದು ಭಾಗದ ಪುಟ್ಟ ಘನಗಳು ಎಂದು ಇಟ್ಟುಕೊಳ್ಳಿ. ಒಂದೊಂದರ ತೂಕ 0.0193 ಮಿಲಿಗ್ರಾಂ. 0.15 ಮಿಲಿಗ್ರಾಂ ಅಂದರೆ ಎಂಟು ಕಣ. ಒಂದು ಸಲ ಮೂಸೆಗೆ ಐದು ಕಣ ಬೀಳಬಹುದು, ಇನ್ನೊಂದು ಸಲ ಹನ್ನೊಂದು. ಕಲ್ಲು ಅದೇ, ಪುಡಿ ಅದೇ, ಚೀಟಿಯಲ್ಲಿ ಒಮ್ಮೆ 3, ಒಮ್ಮೆ 7. ಇದು ಪುಣ್ಯಕ್ಕೆ ಕಣ ಸಣ್ಣದಿದ್ದಾಗಿನ ಮಾತು. ಒಂದೇ ಒಂದು ಮಿಲಿಮೀಟರ್ ಘನದ ಕಣ ಮೂಸೆಗೆ ಬಂದರೆ? ಅದರ ತೂಕ 19.3 ಮಿಲಿಗ್ರಾಂ. ಫಲಿತಾಂಶ ಟನ್ನಿಗೆ 640 ಗ್ರಾಂ! ಗಣಿಯೇ ಚಿನ್ನದ್ದು ಅನ್ನಿಸಿಬಿಡುತ್ತದೆ. ಬರದಿದ್ದರೆ ಸೊನ್ನೆ.

ಅದಕ್ಕಾಗಿಯೇ ದಪ್ಪ ಕಣದ ಚಿನ್ನವಿರುವ ಕಡೆ ಒಂದು ಕಿಲೋ ಪುಡಿಯನ್ನೇ ಜರಡಿ ಹಿಡಿದು, ಜರಡಿಯ ಮೇಲೆ ಉಳಿದ ದಪ್ಪ ಕಣಗಳನ್ನು ಪೂರ್ತಿಯಾಗಿ ಬೇರೆ ಪುಟಕ್ಕಿಡುತ್ತಾರೆ. ಮತ್ತೆ ಅದಕ್ಕಾಗಿಯೇ ಸ್ಯಾಂಪಲ್ ಚೀಲಗಳ ನಡುವೆ, ಪ್ರಯೋಗಾಲಯದವರಿಗೆ ಗೊತ್ತಾಗದಂತೆ, ಚಿನ್ನವೇ ಇಲ್ಲದ ಕಲ್ಲು, ಗ್ರೇಡ್, ಅಂದರೆ ಟನ್ನಿಗೆ ಎಷ್ಟು ಗ್ರಾಂ ಎಂಬುದು, ಮೊದಲೇ ಗೊತ್ತಿರುವ ಪುಡಿ, ಒಂದೇ ಸ್ಯಾಂಪಲ್ಲಿನ ಜೋಡಿ ಇವನ್ನೆಲ್ಲ ಸೇರಿಸಿ ಕಳಿಸುತ್ತೇವೆ. ಬರಿ ಕಲ್ಲಿಗೆ ಚಿನ್ನ ಬಂದರೆ ಎಲ್ಲೋ ಕಲಬೆರಕೆ ಆಗಿದೆ ಅಂತ ಅರ್ಥ. ಯಾವ ವರದಿ ಕೈಗೆ ಬಂದರೂ ನಾನು ಮೊದಲು ತೆರೆಯುವ ಪುಟ ಇದು. ಇದು ಇಲ್ಲದ ವರದಿಯನ್ನು ಮುಚ್ಚಿಡುತ್ತೇನೆ.

ಈಗ ಸರಾಸರಿಯ ವಿಚಾರಕ್ಕೆ ಬನ್ನಿ. ಎಳೆಯ ಅಡ್ಡಕ್ಕೆ ಮೂರು ಸ್ಯಾಂಪಲ್ ಬಂದಿವೆ: 0.3 ಮೀಟರ್ ಉದ್ದದ್ದರಲ್ಲಿ ಟನ್ನಿಗೆ 20 ಗ್ರಾಂ, 1 ಮೀಟರಿನದರಲ್ಲಿ 2 ಗ್ರಾಂ, 0.7 ಮೀಟರಿನದರಲ್ಲಿ 4 ಗ್ರಾಂ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ 8.67. ಉದ್ದಕ್ಕೆ ತಕ್ಕ ತೂಕ ಕೊಟ್ಟು ಕೂಡಿದರೆ 5.4. ಸರಿಯಾದದ್ದು ಎರಡನೆಯದು. ಇಷ್ಟು ಸುಲಭದ ತಪ್ಪು ಯಾರು ಮಾಡುತ್ತಾರೆ ಅನ್ನಬೇಡಿ, ಆತುರದಲ್ಲಿ ಮಾಡುತ್ತಾರೆ. ಇದಕ್ಕಿಂತ ಕಷ್ಟದ್ದು ಹೀಗಿದೆ. ನೂರು ಸ್ಯಾಂಪಲ್‌ಗಳಲ್ಲಿ ತೊಂಬತ್ತೊಂಬತ್ತರ ಸರಾಸರಿ 3 ಗ್ರಾಂ. ಒಂದೇ ಒಂದು 400 ಬಂದಿದೆ. ಅದನ್ನು ಸೇರಿಸಿದರೆ ಸರಾಸರಿ 6.97. ಆ ಒಂದನ್ನು 40ಕ್ಕೆ ಕತ್ತರಿಸಿದರೆ 3.37. ಕತ್ತರಿಸಬೇಕೋ ಬೇಡವೋ? ಒಂದು ಚೀಲ ಕಲ್ಲಿನ ಮೇಲೆ ಗಣಿಯ ಚಿನ್ನ ಇಮ್ಮಡಿಯಾಗಬೇಕೇ? ಆ 400 ಸುಳ್ಳಲ್ಲ, ಆ ಚಿನ್ನ ಅಲ್ಲಿ ಇದ್ದದ್ದು ನಿಜ. ಆದರೆ ಅದರ ಅಕ್ಕಪಕ್ಕ ಎಷ್ಟು ದೂರ ಹಾಗೆಯೇ ಇದೆ ಎಂಬುದನ್ನು ಅದು ಹೇಳುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕತ್ತರಿಸಿ. ಆಮೇಲೆ ಅದರ ಸುತ್ತ ಇನ್ನಷ್ಟು ಬೋರ್ ಹಾಕಿ. ಬಂದರೆ ಸಂತೋಷ.

ಇಲ್ಲಿ ಒಬ್ಬ ಮನುಷ್ಯನ ಕಥೆ ಹೇಳಲೇಬೇಕು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್, ಭೂಮಿಯ ಮೇಲಿನ ಅತಿ ದೊಡ್ಡ ಚಿನ್ನದ ಸೀಮೆ. ಡ್ಯಾನಿ ಕ್ರಿಗ ಅಲ್ಲಿನ ಗಣಿ ಎಂಜಿನಿಯರ್. 1919ರಲ್ಲಿ ಹುಟ್ಟಿ 2013ರಲ್ಲಿ ತೀರಿಕೊಂಡರು. ಅಲ್ಲಿ ಅದಿರನ್ನು ಬ್ಲಾಕುಗಳಾಗಿ ಗುರುತಿಸಿ, ಬ್ಲಾಕಿನ ಅಂಚಿನ ಸುರಂಗಗಳಲ್ಲಿ ಸ್ಯಾಂಪಲ್ ತೆಗೆದು, ಅಂಚಿನ ಸರಾಸರಿಯನ್ನೇ ಇಡೀ ಬ್ಲಾಕಿನ ಗ್ರೇಡ್ ಎಂದು ಬರೆಯುತ್ತಿದ್ದರು. ಬಹಳ ವರ್ಷಗಳಿಂದ ಎಲ್ಲರಿಗೂ ಒಂದು ಒಗಟು ಕಾಡುತ್ತಿತ್ತು. ಶ್ರೀಮಂತ ಎಂದು ಬರೆದ ಬ್ಲಾಕುಗಳನ್ನು ಒಡೆದಾಗ ಬರೆದದ್ದಕ್ಕಿಂತ ಕಡಿಮೆ ಚಿನ್ನ. ಬಡವ ಎಂದು ಬಿಟ್ಟ ಬ್ಲಾಕುಗಳನ್ನು ಯಾವಾಗಲಾದರೂ ಒಡೆದರೆ ಬರೆದದ್ದಕ್ಕಿಂತ ಹೆಚ್ಚು. ಕೆಲಸಗಾರರು ಕದ್ದರೇ? ಅದಿರು ಅರೆಯುವ ಮಿಲ್ಲಿನಲ್ಲಿ ಸೋರಿತೇ?

1951ರಲ್ಲಿ ಕ್ರಿಗ ಪ್ರಕಟಿಸಿದ ಲೇಖನ ಹೇಳಿದ್ದು ಇಷ್ಟು: ಯಾರೂ ಕದ್ದಿಲ್ಲ, ಇದು ಲೆಕ್ಕದ ಸ್ವಭಾವ. ನಮ್ಮ ಕಡೆಯ ಬೆಳೆ ಕಟಾವು ಪ್ರಯೋಗ ಗೊತ್ತಲ್ಲ? ಹೊಲದಲ್ಲಿ ಸಣ್ಣದೊಂದು ಚೌಕ ಹಾಕಿ, ಕೊಯ್ದು ತೂಗಿ, ಊರಿನ ಇಳುವರಿ ಅಂದಾಜು ಮಾಡುತ್ತಾರೆ. ಒಂದೊಂದೇ ಚೌಕ ಹಾಕಿದ ನೂರು ಹೊಲಗಳಲ್ಲಿ ಮೇಲಿನ ಹತ್ತನ್ನು ಆರಿಸಿದಿರಿ ಎನ್ನಿ. ಆ ಹತ್ತರಲ್ಲಿ ಕೆಲವು ನಿಜವಾಗಿಯೂ ಒಳ್ಳೆಯ ಹೊಲಗಳು. ಇನ್ನು ಕೆಲವು ಸಾಧಾರಣ ಹೊಲಗಳು, ಚೌಕ ಬಿದ್ದ ಜಾಗ ಮಾತ್ರ ಒಳ್ಳೆಯದು, ತಿಪ್ಪೆಯ ಗೊಬ್ಬರ ಬಿದ್ದ ಮೂಲೆ. ಪೂರ್ತಿ ಕೊಯ್ದಾಗ ಆ ಅದೃಷ್ಟ ಕರಗಿಹೋಗುತ್ತದೆ. ಹಾಗಾಗಿ ಆರಿಸಿದ ಹತ್ತರ ಸರಾಸರಿ ಇಳಿಯಲೇಬೇಕು. ಇದರ ಅರ್ಥ, ಒಂದು ಬ್ಲಾಕನ್ನು ಅದರ ಸ್ವಂತ ಸ್ಯಾಂಪಲ್ಲಿನಿಂದ ಮಾತ್ರ ನಂಬಬಾರದು. ಸುತ್ತಲಿನ ಪ್ರದೇಶದ ಸರಾಸರಿಯ ಕಡೆಗೆ ಅದನ್ನು ಸ್ವಲ್ಪ ಎಳೆಯಬೇಕು. ಎಷ್ಟು ಎಳೆಯಬೇಕು ಎಂಬುದಕ್ಕೆ ಕ್ರಿಗ ಸಂಖ್ಯೆಗಳಿಂದ ದಾರಿ ತೋರಿಸಿದರು.

ಫ್ರಾನ್ಸಿನ ಜಾರ್ಜ್ ಮಾಥೆರಾನ್ ಇದಕ್ಕೆ ಗಟ್ಟಿ ಗಣಿತದ ಅಡಿಪಾಯ ಹಾಕಿ, ಕ್ರಿಗ ಅವರ ಹೆಸರನ್ನೇ ಇಟ್ಟರು. ಇವತ್ತು ಜಗತ್ತೆಲ್ಲ ಅದನ್ನು ಕ್ರಿಗಿಂಗ್ ಅನ್ನುತ್ತದೆ. ಮಳೆಯ ನಕ್ಷೆಗೂ ಅಂತರ್ಜಲದ ನಕ್ಷೆಗೂ ಬಳಸುತ್ತಾರೆ. ಅದರ ತಿರುಳು ಹೀಗೆ: ಮೊದಲು ಸ್ಯಾಂಪಲ್‌ಗಳನ್ನು ಜೋಡಿ ಜೋಡಿಯಾಗಿ ತೆಗೆದುಕೊಂಡು, ಐದು ಮೀಟರ್ ದೂರದವು ಪರಸ್ಪರ ಎಷ್ಟು ಬೇರೆ, ಹತ್ತು ಮೀಟರ್ ದೂರದವು ಎಷ್ಟು ಬೇರೆ, ಇಪ್ಪತ್ತಕ್ಕೆ ಎಷ್ಟು ಎಂದು ನೋಡಿ. ದೂರ ಹೆಚ್ಚಿದಂತೆ ವ್ಯತ್ಯಾಸ ಹೆಚ್ಚುತ್ತದೆ. ಒಂದು ದೂರದ ನಂತರ ಇನ್ನು ಹೆಚ್ಚುವುದಿಲ್ಲ, ಅಂದರೆ ಅಲ್ಲಿಂದಾಚೆ ಇವರಿಗೂ ಅವರಿಗೂ ನಂಟು ಮುಗಿಯಿತು. ಆ ದೂರ ನಲವತ್ತು ಮೀಟರ್ ಆಗಿದ್ದು, ನೀವು ನೂರು ಮೀಟರಿಗೊಂದು ಬೋರ್ ಹಾಕಿದ್ದರೆ, ನಡುವಿನ ಜಾಗದ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ. ಕಂಪ್ಯೂಟರ್ ಎಷ್ಟೇ ಬಣ್ಣದ ಚಿತ್ರ ಬರೆದರೂ ಗೊತ್ತಿಲ್ಲ. ಚಿನ್ನದಲ್ಲಿ ಇನ್ನೊಂದು ವಿಶೇಷ, ಒಂದಕ್ಕೊಂದು ತಾಗಿಕೊಂಡೇ ಇರುವ ಎರಡು ಸ್ಯಾಂಪಲ್‌ಗಳೂ ಒಂದೇ ಥರ ಇರುವುದಿಲ್ಲ. ಆಗಲೇ ಹೇಳಿದ ಗೋಡಂಬಿಯ ಆಟ. ಅದಕ್ಕೆ ನಗೆಟ್ ಪರಿಣಾಮ ಎಂದು ಹೆಸರು.

ಈ ನಂಟಿನ ಲೆಕ್ಕ ಹಿಡಿದು ಪ್ರತಿ ಸ್ಯಾಂಪಲ್ಲಿಗೂ ತೂಕ ಕೊಡುತ್ತಾರೆ. ಹತ್ತಿರದವರಿಗೆ ಹೆಚ್ಚು, ದೂರದವರಿಗೆ ಕಡಿಮೆ. ಮೂರು ಬೋರ್ ಒಂದೇ ಕಡೆ ಗುಂಪಾಗಿದ್ದರೆ ಅವರು ಒಂದೇ ಮನೆಯವರು, ಅವರದು ಮೂರು ಸಾಕ್ಷಿ ಆಗುವುದಿಲ್ಲ, ಹೆಚ್ಚೆಂದರೆ ಒಂದೂವರೆ. ನಮ್ಮ ಪಂಚಾಯಿತಿ ಕಟ್ಟೆಯ ಹಿರಿಯರು ಸಾಕ್ಷಿ ಕೇಳುತ್ತಿದ್ದದ್ದೂ ಹೀಗೆಯೇ ಅಲ್ಲವೇ?

ಗ್ರೇಡ್ ಆಯಿತು, ಇನ್ನು ಒಟ್ಟು. ಎಳೆ 200 ಮೀಟರ್ ಉದ್ದ, 150 ಮೀಟರ್ ಆಳ, 1.2 ಮೀಟರ್ ದಪ್ಪ. ಘನಮೀಟರಿಗೆ 2.7 ಟನ್. ಒಟ್ಟು 97,200 ಟನ್ ಅದಿರು. ಟನ್ನಿಗೆ 5 ಗ್ರಾಂ ಆದರೆ 486 ಕಿಲೋ ಚಿನ್ನ. ಕಾಗದದ ಮೇಲೆ. ಆದರೆ 1.2 ಮೀಟರ್ ಸಂದಿಯಲ್ಲಿ ಜನ ನಿಂತು ಡ್ರಿಲ್ ಹಿಡಿಯುವುದು ಕಷ್ಟ, ಪಕ್ಕದ ಬರಿಕಲ್ಲೂ ಅರ್ಧ ಮೀಟರಿನ ಮೇಲೆ ಒಡೆದು ಬರುತ್ತದೆ. 1.8 ಮೀಟರ್ ತೆಗೆದರೆ ಮಿಲ್ಲಿಗೆ ಹೋಗುವ ಅದಿರಿನ ಗ್ರೇಡ್ 3.33ಕ್ಕೆ ಇಳಿಯಿತು. ಚಿನ್ನ ಅಷ್ಟೇ ಇದೆ, ಅರೆಯಬೇಕಾದ ಕಲ್ಲು ಒಂದೂವರೆ ಪಟ್ಟು. ಆ ಖರ್ಚು ಗಿಟ್ಟುತ್ತದೆಯೇ ಎಂಬುದು ಚಿನ್ನದ ಬೆಲೆಗೆ ಬಿಟ್ಟದ್ದು. ಕೆಜಿಎಫ್ ನೆನಪಿಸಿಕೊಳ್ಳಿ. ನೂರ ಇಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟು, ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ, 2001ರ ಫೆಬ್ರುವರಿ 28ರಂದು ಮುಚ್ಚಿತು. ಆಗ ಔನ್ಸ್ ಚಿನ್ನಕ್ಕೆ 260 ಡಾಲರಿನ ಆಸುಪಾಸು. ಕಲ್ಲಿನಲ್ಲಿ ಚಿನ್ನ ಮುಗಿದಿರಲಿಲ್ಲ. ಆ ಆಳದಿಂದ, ಆ ಗ್ರೇಡಿನಲ್ಲಿ, ಆ ಬೆಲೆಗೆ ತೆಗೆಯುವುದು ಮುಗಿದಿತ್ತು. ಈಗ ಬೆಲೆ ಅದರ ಹತ್ತು ಪಟ್ಟಿಗೂ ಹೆಚ್ಚು. ಕಲ್ಲು ಬದಲಾಗಿಲ್ಲ, ಅಂದಾಜು ಬದಲಾಗುತ್ತದೆ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ಪತ್ರಿಕೆಗಳಲ್ಲಿ ಎಲ್ಲದಕ್ಕೂ "ನಿಕ್ಷೇಪ" ಎಂದು ಒಂದೇ ಪದ ಬರೆಯುತ್ತಾರೆ. ಭೂಮಿಯಲ್ಲಿ ಇರಬಹುದು ಎಂದು ಊಹಿಸಿದ್ದೂ ನಿಕ್ಷೇಪ, ಅಳೆದು ತೂಗಿ ಲಾಭಕ್ಕೆ ತೆಗೆಯಬಹುದು ಎಂದು ತೋರಿಸಿದ್ದೂ ನಿಕ್ಷೇಪ. ಆದರೆ ನಮ್ಮ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗ, ಅಂದರೆ ದಾನ ಕೊಟ್ಟ ಭೂಮಿಯ ಮೇಲಿನ ಎಂಟು ಹಕ್ಕು, ಗೊತ್ತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಕೊನೆಯ ಎರಡನ್ನು ಗಮನಿಸಿ. ಈಗಾಗಲೇ ಕೈಗೆ ಬರುತ್ತಿರುವುದು ಸಿದ್ಧ, ಮುಂದೆ ಬರಬಹುದಾದದ್ದು ಸಾಧ್ಯ. ಶಾಸನ ಬರೆದವರು ಈ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟಿದ್ದರು. ಗಣಿ ಲೆಕ್ಕದಲ್ಲೂ ನಮಗೆ ಈ ಎರಡು ಪದ ಸಾಕು. ನಮ್ಮ ದೇಶದ 2015ರ ನಿಯಮಗಳು ಶೋಧನೆಯನ್ನು ಜಿ4ರಿಂದ ಜಿ1ರವರೆಗೆ ನಾಲ್ಕು ಹಂತ ಮಾಡಿವೆ. ಜಿ4 ಅಂದರೆ ಮೇಲಿಂದ ಕಣ್ಣಾಡಿಸಿದ್ದು, ಜಿ1 ಅಂದರೆ ಒತ್ತೊತ್ತಾಗಿ ಕೊರೆದು ನೋಡಿದ್ದು. ಯಾರಾದರೂ ಟನ್ ಹೇಳಿದರೆ ಯಾವ ಜಿ ಎಂದು ಕೇಳಿ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಡೋನೇಷ್ಯಾದ ಬುಸಾಂಗ್ ಇದೆ. ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿ 1993ರಲ್ಲಿ ಬೋರ್ನಿಯೊ ದ್ವೀಪದ ಕಾಡಿನಲ್ಲಿ ಆ ಜಾಗ ಕೊಂಡಿತು. ಅಂದಾಜು ಏರುತ್ತ ಏರುತ್ತ 7 ಕೋಟಿ 10 ಲಕ್ಷ ಔನ್ಸ್, ಅಂದರೆ 2,200 ಟನ್ ಮುಟ್ಟಿತು. ಕಂಪನಿಯ ಷೇರುಗಳ ಒಟ್ಟು ಬೆಲೆ ಸುಮಾರು 600 ಕೋಟಿ ಕೆನಡಾ ಡಾಲರಿಗೆ ಹೋಯಿತು. ಅಲ್ಲಿ ಕೋರನ್ನು ಸೀಳಿ ಅರ್ಧ ಉಳಿಸುವ ಪದ್ಧತಿ ಇರಲಿಲ್ಲ, ಪೂರ್ತಿ ಪುಡಿ ಮಾಡುತ್ತಿದ್ದರು. ಮರುಪರೀಕ್ಷೆಗೆ ಕಲ್ಲೇ ಇಲ್ಲ. 1997ರ ಮಾರ್ಚಿನಲ್ಲಿ ಪಾಲುದಾರನಾಗಬೇಕಿದ್ದ ಫ್ರೀಪೋರ್ಟ್ ಕಂಪನಿ ಹಳೆಯ ಬೋರ್‌ಗಳ ಪಕ್ಕದಲ್ಲೇ ತಾನು ಕೊರೆದು ನೋಡಿ, ಚಿನ್ನ ಇಲ್ಲವೆನ್ನುವಷ್ಟು ಕಡಿಮೆ ಎಂದಿತು. ಮೇ ತಿಂಗಳಲ್ಲಿ ಸ್ಟ್ರಾತ್‌ಕೋನಾ ಸಂಸ್ಥೆಯ ಸ್ವತಂತ್ರ ವರದಿ ಬಂತು. ಪುಡಿಗೆ ಹೊರಗಿನ ಚಿನ್ನ ಬೆರೆಸಿದ್ದರು. ಆ ಕಣಗಳು ನದಿಯಲ್ಲಿ ಉರುಳಿದ ಚಿನ್ನದಂತೆ ಅಂಚು ಸವೆದು ದುಂಡಗಿದ್ದವು. ಬಂಡೆಯಿಂದ ಈಗಷ್ಟೇ ಬಂದ ಚಿನ್ನ ಹಾಗಿರುವುದಿಲ್ಲ. ಇಲ್ಲಿನ ಜಲಗಾರರ ಕೈಗೆ ಆ ಕಣ ಕೊಟ್ಟಿದ್ದರೆ, ಇದು ಹಳ್ಳದ ಚಿನ್ನ ಎಂದು ಹೇಳುತ್ತಿದ್ದರು ಅಂತ ನನ್ನ ನಂಬಿಕೆ. ಎಷ್ಟೋ ಸಾಮಾನ್ಯ ಜನರ ಉಳಿತಾಯ ಅದರಲ್ಲಿ ಹೋಯಿತು. ಆಮೇಲೆ ಕೆನಡಾ 2001ರಲ್ಲಿ ಕಟ್ಟುನಿಟ್ಟಿನ ನಿಯಮ ತಂದು, ಅಂದಾಜಿನ ವರದಿಗೆ ಅರ್ಹ ವ್ಯಕ್ತಿಯೊಬ್ಬರು ಹೆಸರು ಹಾಕಿ ಹೊಣೆ ಹೊರಬೇಕು ಎಂದಿತು.

ಬುಸಾಂಗಿನದು ಮೋಸ. ಆದರೆ ಮೋಸವಿಲ್ಲದೆಯೂ ಅಂಕಿ ತಪ್ಪುತ್ತದೆ. ಅದನ್ನು ನಾನು ಕಲಿತದ್ದು ನನ್ನದೇ ಲೆಕ್ಕದಿಂದ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಬ್ಲಾಕಿನ ಅಂದಾಜು ನನ್ನ ಕೈಗೆ ಬಂತು. ಡ್ರೈವಿನ, ಅಂದರೆ ಎಳೆಯ ಜೊತೆಗೇ ಸಾಗುವ ಸುರಂಗದ, ಗೋಡೆಯಲ್ಲಿ ಎಳೆಗೆ ಅಡ್ಡಲಾಗಿ ಉಳಿ ಸುತ್ತಿಗೆಯಿಂದ ಗೀರು ಕೊರೆದು, ಬಿದ್ದ ಚೂರನ್ನು ಕ್ಯಾನ್ವಾಸಿನ ಮೇಲೆ ಹಿಡಿದು ಚೀಲ ಕಟ್ಟುತ್ತಿದ್ದೆವು. ಫಲಿತಾಂಶಗಳನ್ನು ಕೂಡಿ ನಾನು 9 ಗ್ರಾಂ ಎಂದು ಬರೆದೆ. ಬ್ಲಾಕಿನ ಒಂದು ಭಾಗ ಒಡೆದು ಮಿಲ್ಲಿಗೆ ಹೋಯಿತು. ತಿಂಗಳ ಕೊನೆಗೆ ಮಿಲ್ಲಿನ ಲೆಕ್ಕ ಬಂದಾಗ 5ರ ಹತ್ತಿರ. ಮಿಲ್ಲಿನವರದೇ ತಪ್ಪು ಎಂದು ನಾನು ವಾದಿಸಿದೆ. ನಮ್ಮ ಜೊತೆ ಒಬ್ಬ ಹಿರಿಯ ಸ್ಯಾಂಪ್ಲರ್ ಇದ್ದರು, ಮೂವತ್ತು ವರ್ಷ ಉಳಿ ಹಿಡಿದ ಕೈ. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದೆವು. ಅವರು ನನ್ನನ್ನು ಕರೆದುಕೊಂಡು ಇನ್ನೂ ಒಡೆಯದೆ ಉಳಿದಿದ್ದ ಕಡೆಗೆ ಹೋದರು. ಕ್ಯಾಪ್‌ಲ್ಯಾಂಪಿನ ಬೆಳಕನ್ನು ಗೋಡೆಗೆ ಓರೆಯಾಗಿ ಹಿಡಿದರು. ಬೆಣಚು ಗಟ್ಟಿಯಿದ್ದ ಕಡೆ ನಮ್ಮ ಗೀರು ಬರಿ ಗೆರೆ. ನಡುವೆ ಗಂಧಕದ ಖನಿಜ ತುಂಬಿದ ಒಂದು ಮೆತ್ತನೆಯ ಪಟ್ಟಿ ಇತ್ತು, ಅಲ್ಲಿ ಗೀರು ಗುಳಿಬಿದ್ದಿತ್ತು. ಚಿನ್ನವೆಲ್ಲ ಆ ಪಟ್ಟಿಯಲ್ಲಿ. ಚೀಲದ ಮುಕ್ಕಾಲು ಪಾಲು ಆ ಗುಳಿಯಿಂದಲೇ ಬಂದಿತ್ತು.

"ಸಾಹೇಬ್ರ, ಉಳಿ ಮೆತ್ತಗಿದ್ದ ಕಡಿ ಜಾಸ್ತಿ ತಿಂತೈತ್ರಿ," ಅಂದರು. "ಇಲ್ಲಿ ನೋಡ್ರಿ, ಎರಡು ಬೆರಳು ಹೋಗತಾವು. ಅಲ್ಲಿ ಉಗುರೂ ಇಳಿಯೂದಿಲ್ಲ."

ಮರುದಿನ ನಾವಿಬ್ಬರೂ ಅದೇ ಗೋಡೆಯ ಮುಂದೆ ಕೂತು, ಗಟ್ಟಿಯಿದ್ದ ಕಡೆ ಹೊತ್ತು ಹಾಕಿ, ಮೆತ್ತಗಿದ್ದ ಕಡೆ ಕೈ ತಡೆದು, ಎಲ್ಲ ಕಡೆ ಒಂದೇ ಅಗಲ ಒಂದೇ ಆಳ ಬರುವಂತೆ ಗೀರನ್ನು ಮತ್ತೆ ಕೊರೆದೆವು. ಒಂದು ಗೀರಿಗೆ ಅರ್ಧ ಪಾಳಿ ಹಿಡಿಯಿತು. ಎಂಟು ಚೀಲ ಮೇಲಕ್ಕೆ ಕಳಿಸಿದೆವು. ವಾರದ ಮೇಲೆ ಚೀಟಿ ಬಂತು: ಸರಾಸರಿ 5.6. ಪುಸ್ತಕದಲ್ಲಿ ನನ್ನ 9ರ ಮೇಲೆ ಗೆರೆ ಎಳೆದು ಪಕ್ಕದಲ್ಲಿ 5.6 ಬರೆದು ಸಹಿ ಹಾಕಿದೆ. ಹಳೆಯ ಅಂಕಿಯನ್ನು ಅಳಿಸಬೇಡಿ, ಓದಲು ಬರುವಂತೆ ಇರಲಿ ಎಂದು ಅಣ್ಣ ಹೇಳಿದ್ದರು.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.